ಬೆಕ್ಕಿಗೆ ನೀರು ಸಾಲುತ್ತಿದೆಯೇ? ಮಲೆನಾಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನಲ್ಲಿ ನೀರಿಗೆ ಕೊರತೆಯಿಲ್ಲ. ಆಗುಂಬೆ, ಹುಲಿಕಲ್ಲಿನ ಕಡೆ ವರ್ಷದ ಮಳೆ 7,000 ಮಿ.ಮೀ. ದಾಟುವುದು ಹೊಸತೇನೂ ಅಲ್ಲ. ಆದರೂ ಸಾಕುಬೆಕ್ಕಿನ ಮೈಯಲ್ಲಿ ನೀರಿನಂಶ ಇಳಿಯುವುದು, ಮೂತ್ರ ಕಟ್ಟುವುದು ಇಲ್ಲಿಯೂ ನಡೆಯುತ್ತದೆ; ಅದು ಬೇಸಿಗೆಯ ತೊಂದರೆ ಮಾತ್ರವಲ್ಲ, ಜಡಿಮಳೆಯ ತಿಂಗಳುಗಳಲ್ಲಿಯೂ ಎದುರಾಗುತ್ತದೆ. ನೀರಿನ ಬಟ್ಟಲು ತುಂಬಿಟ್ಟರೆ ಕೆಲಸ ಮುಗಿಯಿತೆಂಬ ನಂಬಿಕೆ ಬೆಕ್ಕಿನ ವಿಷಯದಲ್ಲಿ ಸರಿಹೋಗುವುದಿಲ್ಲ. ಅದರ ಮೈಗೆ ನೀರು ಸೇರುವುದು ಬಟ್ಟಲಿಗಿಂತ ಹೆಚ್ಚಾಗಿ ಊಟದ ತಟ್ಟೆಯಿಂದ; ಅದು ಸಾಲುತ್ತಿದೆಯೇ ಎಂಬುದು ಗೊತ್ತಾಗುವುದು ಮೂತ್ರದಿಂದ.

ನಮ್ಮ ಬೆಕ್ಕು ನೀರು ಕುಡಿಯುವುದನ್ನು ಯಾರೂ ಕಂಡೇ ಇಲ್ಲ. ಇದು ಸಹಜವೇ?

ಬಹುಮಟ್ಟಿಗೆ ಸಹಜ. ಸಾಕುಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣನಾಡುಗಳ ಕಾಡುಬೆಕ್ಕು. ಇಲಿ, ಹಕ್ಕಿ, ಓತಿಕೇತಗಳ ಮೈಯಲ್ಲಿದ್ದ ನೀರಿನಿಂದಲೇ ಅದರ ಬಹುಪಾಲು ಅಗತ್ಯ ತೀರುತ್ತಿತ್ತು; ಒಂದು ಇಲಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರೇ. ಆ ಬದುಕಿಗೆ ತಕ್ಕಂತೆ ಬೆಕ್ಕಿನ ಮೂತ್ರಪಿಂಡಗಳು ನೀರನ್ನು ಆದಷ್ಟು ಮೈಯೊಳಗೇ ಉಳಿಸಿಕೊಂಡು ಮೂತ್ರವನ್ನು ಬಹಳ ಸಾಂದ್ರಗೊಳಿಸುವ ಶಕ್ತಿ ಪಡೆದವು, ಬಾಯಾರಿಕೆಯೂ ನಾಯಿಗಿಂತ ಮಂದವಾಗಿಯೇ ಉಳಿಯಿತು. ಬೇಟೆಯಾಡಿ ತಿನ್ನುವ ಹಿತ್ತಿಲಿನ ಬೆಕ್ಕಿಗೆ ಇದರಿಂದ ತೊಂದರೆಯಿಲ್ಲ. ಪೊಟ್ಟಣದ ಒಣ ಆಹಾರವನ್ನಷ್ಟೇ ತಿಂದು ಶಿವಮೊಗ್ಗದ ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ಬೆಕ್ಕಿಗೆ ಇದೇ ಗುಣ ಮುಳುವಾಗುತ್ತದೆ: ನೀರು ಬೇಕಾದಷ್ಟಿದ್ದರೂ, ಬೇಕೆಂದು ಅದಕ್ಕೆ ಅನಿಸುವುದು ತಡವಾಗಿ.

ದಿನಕ್ಕೆ ಎಷ್ಟು ನೀರು ಬೇಕು?

ಆರೋಗ್ಯವಂತ ಬೆಕ್ಕಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 40ರಿಂದ 60 ಮಿ.ಲೀ. ಇದು ಆಹಾರದಲ್ಲಿರುವ ನೀರನ್ನೂ ಸೇರಿಸಿದ ಲೆಕ್ಕವೆಂಬುದನ್ನು ಮರೆಯಬಾರದು. 4 ಕಿಲೋ ತೂಗುವ ಬೆಕ್ಕಿಗೆ ಒಟ್ಟು 200 ಮಿ.ಲೀ. ಆಸುಪಾಸು ಬೇಕಾಯಿತು ಎಂದಿಟ್ಟುಕೊಳ್ಳೋಣ. ಪೌಚಿನಲ್ಲಿ ಬರುವ ಗ್ರೇವಿ ಆಹಾರದಲ್ಲಿ ನೂರಕ್ಕೆ 75ರಿಂದ 80 ಪಾಲು ನೀರಿರುವುದರಿಂದ ಅದನ್ನೇ ಹೊಟ್ಟೆ ತುಂಬ ತಿನ್ನುವ ಬೆಕ್ಕು ಬಟ್ಟಲಿನತ್ತ ತಿರುಗಿ ನೋಡದಿದ್ದರೂ ಆಶ್ಚರ್ಯವಿಲ್ಲ. ಒಣ ಆಹಾರದಲ್ಲಿ ನೀರು ನೂರಕ್ಕೆ 10ರಷ್ಟೂ ಇರುವುದಿಲ್ಲ. ದಿನಕ್ಕೆ 60 ಗ್ರಾಂ ತಿಂದರೆ ಅದರಿಂದ ಸಿಗುವುದು 5–6 ಮಿ.ಲೀ. ಮಾತ್ರ.

ಉಳಿದದ್ದನ್ನು ಬೆಕ್ಕು ನಾಲಿಗೆಯಿಂದಲೇ ಎತ್ತಬೇಕು. ಹತ್ತಿರ ಕುಳಿತು ಗಮನಿಸಿದರೆ, ಬೆಕ್ಕು ನಾಯಿಯ ಹಾಗೆ ನೀರನ್ನು ಮೊಗೆಯುವುದಿಲ್ಲ ಎಂಬುದು ಕಾಣುತ್ತದೆ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ನೀರಿನ ಮೇಲ್ಮೈಗೆ ಸೋಕಿಸಿ, ಚಟಕ್ಕನೆ ಮೇಲೆತ್ತುತ್ತದೆ. ಅದರ ಹಿಂದೆಯೇ ಸಣ್ಣ ಕಂಬದಂತೆ ಏಳುವ ನೀರು ಕೆಳಗೆ ಬೀಳುವ ಮೊದಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ಮೂರು ನಾಲ್ಕು ಬಾರಿ ಹೀಗೆ ಮಾಡಿದರೂ ಪ್ರತಿ ಸಲ ಸಿಗುವುದು ಕೆಲವೇ ಹನಿ. ಒಣ ಆಹಾರದ ಬೆಕ್ಕು ದಿನದ ಪಾಲನ್ನು ತುಂಬಿಸಿಕೊಳ್ಳಲು ಸಾವಿರಕ್ಕೂ ಹೆಚ್ಚು ಸಲ ನಾಲಿಗೆ ಆಡಿಸಬೇಕಾಗುತ್ತದೆ. ಬಹಳಷ್ಟು ಬೆಕ್ಕುಗಳು ಅಷ್ಟು ಕುಡಿಯುವುದಿಲ್ಲ.

ಹಾಗಾದರೆ ಒಣ ಆಹಾರವನ್ನು ಪೂರ್ತಿ ಬಿಡಬೇಕೇ?

ಬಿಡಲೇಬೇಕೆಂದಿಲ್ಲ. ಒಂದು ಹೊತ್ತಾದರೂ ನೀರಿನಂಶವಿರುವ ಊಟ ಕೊಡುವುದು, ಒಣ ಆಹಾರಕ್ಕೆ ಉಗುರುಬೆಚ್ಚಗಿನ ನೀರು ಬೆರೆಸುವುದು, ಈ ಎರಡರಿಂದಲೇ ಸಾಕಷ್ಟು ವ್ಯತ್ಯಾಸವಾಗುತ್ತದೆ. ಮೊದಲು ಒಂದು ಚಮಚ ನೀರಿನಿಂದ ಆರಂಭಿಸಿ ವಾರದೊಳಗೆ ನಿಧಾನವಾಗಿ ಹೆಚ್ಚಿಸಿದರೆ ಬೆಕ್ಕು ಮೂಗು ಮುರಿಯುವುದು ಕಡಿಮೆ. ನೆನೆಸಿದ ಆಹಾರ ನಮ್ಮ ಸೆಕೆಯಲ್ಲಿ ಬೇಗ ಹಳಸುವುದರಿಂದ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯಲ್ಲಿ ಉಳಿದದ್ದನ್ನು ತೆಗೆದುಬಿಡಿ. ಹೊಸ ಊಟವನ್ನು ಬೆಕ್ಕು ಮುಟ್ಟುತ್ತಿಲ್ಲವೆಂದು ಹಟಕ್ಕೆ ಬಿದ್ದು ಉಪವಾಸ ಕೆಡವಬಾರದು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಅಪಾಯವಾಗುತ್ತದೆ.

ನಮ್ಮದು ಸಸ್ಯಾಹಾರಿ ಮನೆ. ಹಾಲನ್ನ, ಮೊಸರನ್ನ ತಿನ್ನುತ್ತದೆ. ಸಾಲದೇ?

ನೀರಿನ ಮಟ್ಟಿಗೆ ಕೊರತೆಯಿಲ್ಲ; ಬೆಂದ ಅನ್ನದ ತೂಕದಲ್ಲಿ ಹೆಚ್ಚಿನ ಪಾಲು ನೀರೇ. ಕೊರತೆ ಇರುವುದು ಬೇರೆ ಕಡೆ. ಹೃದಯಕ್ಕೂ ಕಣ್ಣಿಗೂ ಬೇಕಾದ ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ತನಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸ ಮತ್ತು ಮೀನಿನಿಂದಲೇ ಬರಬೇಕು. ಅಟ್ಟದ ಇಲಿಗಳನ್ನು ಹಿಡಿಯುವ ಬೆಕ್ಕು ತನ್ನ ಪಾಲನ್ನು ತಾನೇ ನೋಡಿಕೊಳ್ಳುತ್ತದೆ, ಹಳೆಯ ಮನೆಗಳಲ್ಲಿ ಹಾಲನ್ನದ ಬೆಕ್ಕು ಗಟ್ಟಿಮುಟ್ಟಾಗಿ ಬಾಳಿದ್ದರ ಗುಟ್ಟು ಅದೇ ಇರಬೇಕು. ಹೊರಗೆ ಬಿಡದ ಬೆಕ್ಕಿಗೆ ಈ ದಾರಿಯಿಲ್ಲವಾದ್ದರಿಂದ ಅಂಗಡಿಯ ಸಂಪೂರ್ಣ ಆಹಾರವನ್ನು ಕೊಡಲೇಬೇಕಾಗುತ್ತದೆ. ಅಡುಗೆಮನೆಗೆ ಅದು ಬರಕೂಡದೆಂದಾದರೆ ಹಿಂದಿನ ಜಗಲಿಯಲ್ಲಿ ಬೇರೆ ಬಟ್ಟಲು ಇಟ್ಟುಕೊಳ್ಳಬಹುದು.

ಹಾಲಿನ ಬಗ್ಗೆ ಒಂದು ಎಚ್ಚರಿಕೆ. ಮರಿತನ ಕಳೆದ ಮೇಲೆ ಬಹುತೇಕ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಭೇದಿಯಾಗಿ, ಹೋದ ನೀರು ಬಂದ ನೀರಿಗಿಂತ ಹೆಚ್ಚಾಗುತ್ತದೆ. ಭೇದಿಯಾಗದ ಬೆಕ್ಕಿಗೆ ಸ್ವಲ್ಪ ಹಾಲು ತಪ್ಪಲ್ಲ, ಆದರೆ ಅದನ್ನು ನೀರಿನ ಬದಲಿಯೆಂದು ಭಾವಿಸಬಾರದು.

ಮೀನಿನ ಸಾರು, ಕೋಳಿ ಸಾರು ಕೊಟ್ಟರೆ ಆಗುತ್ತದೆಯೇ?

ಮನೆಯವರಿಗೆ ಮಾಡಿದ ಸಾರು ಬೇಡ. ಈರುಳ್ಳಿ ಮತ್ತು ಬೆಳ್ಳುಳ್ಳಿ, ಹಸಿಯಾಗಲಿ ಬೇಯಿಸಿದ್ದಾಗಲಿ, ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ. ಬಂಗುಡೆ, ಭೂತಾಯಿ ತಂದ ದಿನ ಒಂದೆರಡು ತುಂಡನ್ನು ಉಪ್ಪು, ಖಾರ, ಹುಳಿ ಯಾವುದೂ ಇಲ್ಲದೆ ಬೇರೆಯಾಗಿ ಬೇಯಿಸಿ, ಮುಳ್ಳು ಬಿಡಿಸಿ, ಆ ಬೆಂದ ನೀರಿನ ಸಮೇತ ಕೊಡಿ. ಆ ನೀರನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟುಕೊಂಡು ದಿನಕ್ಕೊಂದು ತುಂಡನ್ನು ಕುಡಿಯುವ ನೀರಿಗೆ ಹಾಕಿದರೆ ವಾಸನೆಗಾದರೂ ಬೆಕ್ಕು ಬಾಯಿ ಹಾಕುತ್ತದೆ. ಅಂಥ ನೀರನ್ನು ಮಾತ್ರ ಸಂಜೆಯವರೆಗೆ ಹಾಗೆಯೇ ಬಿಡಬಾರದು. ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನು ಉಪ್ಪಿನ ಮೂಟೆ. ಬೆಕ್ಕಿಗೆ ಅದು ಎಷ್ಟೇ ಪ್ರಿಯವಾದರೂ ಕೊಡಬಾರದು.

ನೀರಿನ ಬಟ್ಟಲು ಯಾವುದು, ಎಲ್ಲಿ ಇಡಬೇಕು?

ಅಗಲವಾಗಿ, ಆಳ ಕಡಿಮೆಯಿದ್ದು, ಅಂಚಿನವರೆಗೆ ತುಂಬಿದ ಬಟ್ಟಲು ಒಳ್ಳೆಯದು. ಇಕ್ಕಟ್ಟಾದ ಪಾತ್ರೆಯ ಅಂಚು ಮೀಸೆಗೆ ತಾಗುವುದು ಹಲವು ಬೆಕ್ಕುಗಳಿಗೆ ಹಿಡಿಸುವುದಿಲ್ಲ. ಪಿಂಗಾಣಿ, ಗಾಜು, ಸ್ಟೀಲ್ ಯಾವುದಾದರೂ ಸರಿ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಕೊಳೆ ಕೂರುತ್ತದೆ, ಕೆಲವು ಬೆಕ್ಕುಗಳ ಗದ್ದದಲ್ಲಿ ಅದರಿಂದ ಗುಳ್ಳೆ ಏಳುವುದೂ ಉಂಟು. ಮಣ್ಣಿನ ಬೋಗುಣಿ ಬೇಸಿಗೆಯಲ್ಲಿ ನೀರನ್ನು ತಂಪಾಗಿಡುತ್ತದೆ, ಆದರೆ ಒಳಮೈಗೆ ಬೇಗ ಲೋಳೆ ಕಟ್ಟುವುದರಿಂದ ತೆಂಗಿನ ನಾರಿನಿಂದ ದಿನವೂ ಉಜ್ಜಬೇಕು. ಹಳೆಯ ಮನೆಗಳ ಅಂಗಳದ ಕಲ್ಲುಮರಿಗೆಗೂ ಇದೇ ಮಾತು.

ಜಾಗದ ವಿಷಯದಲ್ಲಿ ಬೆಕ್ಕು ನಮಗಿಂತ ಮಡಿವಂತ. ಊಟದ ತಟ್ಟೆಗೆ ತಾಗಿ ಇಟ್ಟ ನೀರು, ಮಲಮೂತ್ರದ ಟ್ರೇ ಸಮೀಪದ ನೀರು ಅದಕ್ಕೆ ರುಚಿಸುವುದಿಲ್ಲ. ನಾಯಿಯ ಓಡಾಟವಿಲ್ಲದ, ಬೆನ್ನಿಗೆ ಗೋಡೆಯಿದ್ದು ಎದುರು ಕಾಣಿಸುವ ಎರಡು ಮೂರು ಕಡೆ ನೀರಿಡಿ. ಎರಡು ಬೆಕ್ಕುಗಳಿದ್ದರೆ ಮೂರು ಬಟ್ಟಲು, ಮೂರಿದ್ದರೆ ನಾಲ್ಕು. ಜೋರಿನ ಬೆಕ್ಕು ಒಂದು ಬಟ್ಟಲನ್ನು ಕಾಯುತ್ತ ಕುಳಿತರೆ ಪಾಪದ್ದಕ್ಕೆ ಇನ್ನೊಂದು ಇರಬೇಕು.

ಯಾವ ನೀರು ಕೊಡುವುದು ಉತ್ತಮ?

ನೀವು ಕುಡಿಯುವ ನೀರೇ. "ಗಂಗಾ ಸ್ನಾನ, ತುಂಗಾ ಪಾನ" ಎಂಬ ಮಾತು ಬೆಕ್ಕಿಗೂ ಸಲ್ಲುತ್ತದೆ, ಆದರೆ ನಲ್ಲಿಯಲ್ಲಿ ಬರುವ ತುಂಗೆಗೆ ಕ್ಲೋರಿನ್ ವಾಸನೆ ಇರುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಆ ವಾಸನೆ ತಗ್ಗುತ್ತದೆ. ಬಾವಿಯ ನೀರು, ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುವ ನೀರು ಮಳೆಗಾಲದಲ್ಲಿ ಕದಡಿದಾಗ ಕುದಿಸಿ ಆರಿಸಿ ಕೊಡಬೇಕು. ಕೊಳವೆಬಾವಿಯ ಗಡಸು ನೀರಿನಿಂದಲೇ ಕಲ್ಲಾಗುತ್ತದೆ ಎಂಬ ಭಯ ಅನೇಕರಿಗಿದೆ. ಒಟ್ಟು ನೀರು ಸಾಲದೆ ಮೂತ್ರ ಗಟ್ಟಿಯಾಗುವುದು ಅದಕ್ಕಿಂತ ಹೆಚ್ಚು ಚಿಂತಿಸಬೇಕಾದ ಸಂಗತಿ.

ಒಳಗಿನ ನೀರು ಬಿಟ್ಟು ಅಂಗಳದ ಡ್ರಮ್ಮಿನ, ಟಾರ್ಪಾಲಿನ ಗುಂಡಿಯ ನೀರನ್ನೇ ಕುಡಿಯುತ್ತದೆ. ಬಿಡಬಹುದೇ?

ಅಡಿಕೆ ತೋಟವಿರುವ ಮನೆಯಲ್ಲಿ ಬಿಡಬಾರದು. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಡ್ರಮ್ಮಿನ ತಳದಲ್ಲಿ ಉಳಿದ ಗಸಿಯ ಮೇಲೆ ಮಳೆನೀರು ನಿಂತರೆ ಮೇಲಿನಿಂದ ನೋಡಲು ತಿಳಿಯಾಗಿಯೇ ಕಾಣಬಹುದು. ಮೈಲುತುತ್ತ ಬೆಕ್ಕಿನ ಹೊಟ್ಟೆಯನ್ನು ಸುಟ್ಟು ವಾಂತಿ ಮಾಡಿಸುತ್ತದೆ, ಹೆಚ್ಚಾದರೆ ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕುಡಿಯದಿದ್ದರೂ ಅಪಾಯ ತಪ್ಪುವುದಿಲ್ಲ: ಔಷಧಿ ಬಿದ್ದ ಹುಲ್ಲಿನಲ್ಲಿ ಸುತ್ತಾಡಿ ಬಂದ ಬೆಕ್ಕು ತನ್ನ ಪಾದಗಳನ್ನು ತಾನೇ ನೆಕ್ಕಿಕೊಳ್ಳುತ್ತದೆ. ಆದ್ದರಿಂದ ಡ್ರಮ್ಮುಗಳನ್ನು ತೊಳೆದು ಬೋರಲು ಹಾಕುವುದು, ಔಷಧಿ ಹೊಡೆಯುವ ಒಂದೆರಡು ದಿನ ಬೆಕ್ಕನ್ನು ಮನೆಯೊಳಗೇ ಕೂಡಿಹಾಕುವುದು, ತೋಟಕ್ಕೆ ಹೋಗಿಬಂದರೆ ನಾಲ್ಕೂ ಕಾಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಅಗತ್ಯ. ಅಡಿಕೆ ಬೇಯಿಸಿದ ಚೊಗರಿನ ಹಂಡೆಯನ್ನೂ ಮುಚ್ಚಿಡಿ. ಕಾರಿನ ಶೆಡ್ಡಿನಲ್ಲಿ ಚೆಲ್ಲಿದ ಕೂಲಂಟ್ ಬಹಳ ಸ್ವಲ್ಪವೇ ಆದರೂ ಮೂತ್ರಪಿಂಡಗಳನ್ನು ಕೊಲ್ಲುತ್ತದೆ.

ಹೊರಗಿನ ನೀರು ಬೆಕ್ಕಿಗೆ ಹಿಡಿಸಲು ಕಾರಣವೂ ಇದೆ. ಅದು ತಣ್ಣಗಿರುತ್ತದೆ, ಸಾಬೂನಿನ ವಾಸನೆ ಇರುವುದಿಲ್ಲ. ಒಳಗಿನ ಬಟ್ಟಲನ್ನು ಪಾತ್ರೆ ತೊಳೆಯುವ ಸೋಪಿನ ಪರಿಮಳ ಹೋಗುವಂತೆ ಚೆನ್ನಾಗಿ ಜಾಲಿಸಿ ನೋಡಿ.

ಮಳೆಗಾಲದಲ್ಲಿ ನೀರಿನ ಚಿಂತೆ ಯಾಕೆ?

ಇಲ್ಲಿಯೇ ಹೆಚ್ಚಿನವರು ಮೋಸಹೋಗುವುದು. ಪುನರ್ವಸು, ಪುಷ್ಯ ಮಳೆ ಹಿಡಿದು ಹೊಡೆಯುವಾಗ ಬೆಕ್ಕು ಬಚ್ಚಲ ಒಲೆಯ ಬದಿಯಿಂದ ಏಳುವುದೇ ಇಲ್ಲ. ಚಳಿಗೆ ತಣ್ಣೀರು ಬೇಡ. ಓಡಾಟವಿಲ್ಲದ್ದರಿಂದ ಬಾಯಾರಿಕೆಯೂ ಇಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಹಿತ್ತಿಲಿನ ಮಣ್ಣು ಕೆದಕಿ ಮೂತ್ರ ಮಾಡುವ ರೂಢಿಯ ಬೆಕ್ಕಿಗೆ ಎಲ್ಲೆಲ್ಲೂ ಕೆಸರಾಗಿ ಒಣ ಜಾಗವೇ ಸಿಗುವುದಿಲ್ಲ. ಅದು ತಡೆದುಕೊಳ್ಳುತ್ತದೆ. ಕಡಿಮೆ ಕುಡಿದದ್ದರಿಂದ ಮೊದಲೇ ಗಟ್ಟಿಯಾಗಿದ್ದ ಮೂತ್ರ ಗಂಟೆಗಟ್ಟಲೆ ಮೂತ್ರಕೋಶದಲ್ಲೇ ನಿಂತಾಗ ಅದರಲ್ಲಿ ಹರಳುಗಳು ಕಟ್ಟಿಕೊಳ್ಳಲು, ಮೂತ್ರಕೋಶ ಕೆರಳಲು ಎಡೆಯಾಗುತ್ತದೆ.

ಮಳೆ ಹಿಡಿಯುವ ಮೊದಲೇ ಒಂದೆರಡು ಮೂಟೆ ಮರಳನ್ನೋ ನಯವಾದ ಮಣ್ಣನ್ನೋ ಅಂಗಳದಲ್ಲಿ ಒಣಗಿಸಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿಡುವುದು ಈ ಊರುಗಳಿಗೆ ಒಪ್ಪುವ ಉಪಾಯ. ಅಗಲವಾದ ಬಾಂಡ್ಲಿಯಲ್ಲಿ ಅದನ್ನು ನಾಲ್ಕು ಬೆರಳು ದಪ್ಪ ಹರಡಿ, ಮಳೆ ಇರಚಲು ತಾಗದ ಹಿಂದಿನ ಜಗಲಿಯಲ್ಲಿಡಿ. ಒಲೆಯ ಬೂದಿ ಸುಲಭವಾಗಿ ಸಿಗುತ್ತದೆಂದು ಅದನ್ನು ತುಂಬಬೇಡಿ. ಒದ್ದೆಯಾದ ಬೂದಿ ಕ್ಷಾರವಾಗಿ ಪಾದ ಸುಡುತ್ತದೆ, ನೆಕ್ಕಿದರೆ ನಾಲಿಗೆಯೂ ಸುಡುತ್ತದೆ. ಕುಡಿಯುವ ನೀರನ್ನು ಬೆಕ್ಕು ಮಲಗುವ ಕೋಣೆಗೇ ತಂದು ಉಗುರುಬೆಚ್ಚಗೆ ಮಾಡಿ ಇಡಿ.

ಬೇಸಿಗೆಯಲ್ಲಿ ವಿಶೇಷವಾಗಿ ಏನು ಮಾಡಬೇಕು?

ಶಿವಮೊಗ್ಗ, ಭದ್ರಾವತಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬೆಕ್ಕು ಮೈ ನೆಕ್ಕಿಕೊಂಡು ಜೊಲ್ಲಿನ ತೇವದಿಂದ ತಂಪಾಗಿಸಿಕೊಳ್ಳುತ್ತದೆ. ಆ ನೀರೂ ಮೈಯಿಂದಲೇ ಹೋಗುವುದು. ದಿನಕ್ಕೆರಡು ಬಾರಿ ನೀರು ಬದಲಿಸಿ, ಶೀಟಿನ ಮಾಡಿನ ಕೆಳಗೆ ಬೆಕ್ಕನ್ನು ಕೂಡಿಹಾಕಬೇಡಿ. ಬಾಯಿ ತೆರೆದು ಏದುಸಿರು ಬಿಡುವುದು ನಾಯಿಯಲ್ಲಿ ಸಾಮಾನ್ಯ, ಬೆಕ್ಕಿನಲ್ಲಿ ಅಪಾಯದ ಸೂಚನೆ. ಆಗ ಪಾದ, ಹೊಟ್ಟೆಗೆ ಒದ್ದೆ ಬಟ್ಟೆ ಸವರಿ, ಗಾಳಿ ಬೀಸುತ್ತ ಕೂಡಲೇ ವೈದ್ಯರಲ್ಲಿಗೆ ಹೊರಡಬೇಕು.

ಮೈಯಲ್ಲಿ ನೀರು ಕಡಿಮೆಯಾಗಿದೆಯೆಂದು ಮನೆಯಲ್ಲೇ ತಿಳಿಯುವುದು ಹೇಗೆ?

ಮೊದಲು ವಸಡು ನೋಡಿ. ಮೇಲ್ತುಟಿಯನ್ನು ಮೆಲ್ಲನೆ ಎತ್ತಿ ಬೆರಳಿನಿಂದ ಮುಟ್ಟಿದರೆ ನುಣುಪಾಗಿ ಜಾರಬೇಕು. ಅಂಟಂಟಾಗಿದ್ದರೆ ನೀರು ಸಾಲದು. ಅಲ್ಲಿಯೇ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಹೆಗಲುಗಳ ನಡುವಿನ ಚರ್ಮವನ್ನು ಎತ್ತಿ ಬಿಟ್ಟರೆ ಥಟ್ಟನೆ ಕೂರಬೇಕು, ಗುಡಾರದಂತೆ ಎದ್ದೇ ನಿಂತರೆ ಕೊರತೆ ಸಾಕಷ್ಟಾಗಿದೆ ಎಂದರ್ಥ. ಆದರೆ ಮುದಿ ಬೆಕ್ಕಿನ, ಬಡಕಲು ಬೆಕ್ಕಿನ ಚರ್ಮ ಹೇಗೂ ಸಡಿಲವಿರುತ್ತದೆ, ದಪ್ಪ ಬೆಕ್ಕಿನಲ್ಲಿ ಕೊಬ್ಬು ಕೊರತೆಯನ್ನು ಮರೆಮಾಚುತ್ತದೆ. ಇದೊಂದನ್ನೇ ನಂಬಿ ಕೂರಬಾರದು. ಕಣ್ಣು ಗುಳಿ ಬಿದ್ದಿರುವುದು, ಊಟ ಬಿಟ್ಟು ಮೂಲೆ ಹಿಡಿಯುವುದು, ಮಲ ಗಟ್ಟಿ ಉಂಡೆಯಾಗುವುದು ಉಳಿದ ಗುರುತುಗಳು.

ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕುತ್ತದೆ. ಮಲಬದ್ಧತೆಯೇ?

ಹಾಗೆಂದುಕೊಂಡು ಹರಳೆಣ್ಣೆ ಕುಡಿಸುತ್ತ ಒಂದು ದಿನ ಕಳೆದುಬಿಡುವುದೇ ಹಲವು ಬೆಕ್ಕುಗಳ ಸಾವಿಗೆ ಕಾರಣ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಹರಳು ಮತ್ತು ಲೋಳೆ ಸೇರಿದ ಬಿರಡೆ ಅಲ್ಲಿ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ಕಟ್ಟುತ್ತದೆ. ಪದೇ ಪದೇ ಕುಳಿತು ಏಳುವುದು, ಕುಳಿತಲ್ಲಿ ಕೂಗುವುದು, ಮೂತ್ರದ್ವಾರವನ್ನು ಬಿಡದೆ ನೆಕ್ಕುವುದು, ಹನಿ ಹನಿಯಾಗಿ ಅಥವಾ ರಕ್ತ ಬೆರೆತು ಬರುವುದು, ಕೆಳಹೊಟ್ಟೆ ಗಟ್ಟಿಯಾಗಿ ಮುಟ್ಟಲೂ ಬಿಡದಿರುವುದು ಇದರ ಲಕ್ಷಣ. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರಿ ಹೃದಯ ನಿಲ್ಲಬಹುದು. 24ರಿಂದ 48 ಗಂಟೆಗಳಲ್ಲಿ ಪ್ರಾಣವೇ ಹೋಗಬಹುದು. ಹೊಟ್ಟೆ ಒತ್ತಬೇಡಿ, ಬಾರ್ಲಿ ನೀರು ಕುಡಿಸಬೇಡಿ. ದಾರಿ ಮುಚ್ಚಿರುವಾಗ ಒಳಗೆ ಹಾಕಿದ ನೀರೆಲ್ಲ ಒತ್ತಡವನ್ನೇ ಹೆಚ್ಚಿಸುತ್ತದೆ.

ವೈದ್ಯರು ಅರಿವಳಿಕೆ ಕೊಟ್ಟು ಮೂತ್ರನಾಳಕ್ಕೆ ಕ್ಯಾತಿಟರ್ ಎಂಬ ಸಣ್ಣ ಕೊಳವೆ ಹಾಕಿ ದಾರಿ ಬಿಡಿಸಬೇಕಾಗುತ್ತದೆ. ಈ ಸೌಕರ್ಯ ಎಲ್ಲ ಕಡೆ ಇರುವುದಿಲ್ಲವಾದ್ದರಿಂದ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯವರು ಹತ್ತಿರದ ಪಶು ಆಸ್ಪತ್ರೆಗೆ ಮೊದಲು ಫೋನ್ ಮಾಡಿ, ಬೆಕ್ಕಿಗೆ ಕ್ಯಾತಿಟರ್ ಹಾಕುತ್ತಾರೆಯೇ ಎಂದು ನೇರವಾಗಿ ಕೇಳಿ; ಇಲ್ಲವೆಂದರೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯನ್ನು ವಿಚಾರಿಸಿ. ಬೆಳಗಾಗಲಿ ಎಂದು ಕಾಯುವ ಕಾಯಿಲೆ ಇದಲ್ಲ. ಮನುಷ್ಯರ ನೋವಿನ ಮಾತ್ರೆ ಕೊಡಲೇಬಾರದು, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಇದ್ದಕ್ಕಿದ್ದಂತೆ ಬಹಳ ನೀರು ಕುಡಿಯತೊಡಗಿದೆ. ಒಳ್ಳೆಯದೇ ಅಲ್ಲವೇ?

ಅಲ್ಲ. ಏಳೆಂಟು ವರ್ಷ ದಾಟಿದ ಬೆಕ್ಕಿನಲ್ಲಿ ಇದು ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಹೆಚ್ಚಳದ ಮೊದಲ ಗುರುತಾಗಿರಬಹುದು. ಮೂತ್ರಪಿಂಡಗಳ ಶಕ್ತಿ ಮೂರರಲ್ಲಿ ಎರಡು ಪಾಲು ಕುಂದಿದ ಮೇಲೆ ಮೂತ್ರ ಸಾಂದ್ರವಾಗುವುದು ನಿಂತು, ಹೋದ ನೀರನ್ನು ತುಂಬಿಕೊಳ್ಳಲು ಬೆಕ್ಕು ಬಟ್ಟಲಿನ ಬಳಿಯೇ ಕೂರುತ್ತದೆ. ಅಳೆದು ನೋಡುವುದು ಕಷ್ಟವಲ್ಲ: ಬೆಳಿಗ್ಗೆ ಅಳತೆ ಮಾಡಿ ನೀರಿಟ್ಟು, ಅಂಥದೇ ಇನ್ನೊಂದು ಬಟ್ಟಲನ್ನು ಬೆಕ್ಕಿಗೆ ಎಟುಕದ ಕಡೆ ಇಡಿ. ಮರುದಿನ ಅದೇ ಹೊತ್ತಿಗೆ ಎರಡನ್ನೂ ಅಳೆದು, ಎಟುಕದ ಬಟ್ಟಲಿನಲ್ಲಿ ಆವಿಯಾದಷ್ಟನ್ನು ಕಳೆದರೆ ಕುಡಿದದ್ದೆಷ್ಟು ಎಂದು ಸಿಗುತ್ತದೆ. ಕಿಲೋ ತೂಕಕ್ಕೆ 100 ಮಿ.ಲೀ. ದಾಟಿದರೆ ಅಸಹಜವೆಂಬುದರಲ್ಲಿ ಅನುಮಾನವಿಲ್ಲ. ಅಷ್ಟಾಗದಿದ್ದರೂ ಹಿಂದಿಗಿಂತ ಇಮ್ಮಡಿಯಾಗಿದ್ದರೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು. ಕುಡಿಯುವುದು ಹೆಚ್ಚಾಯಿತೆಂದು ನೀರನ್ನು ಎತ್ತಿಡುವುದು ದೊಡ್ಡ ತಪ್ಪು.

ವಾಂತಿ ಭೇದಿಯಾದಾಗ ಓಆರ್‌ಎಸ್ ಕುಡಿಸಬಹುದೇ?

ವೈದ್ಯರನ್ನು ಕೇಳದೆ ಬೇಡ. ಸಿರಿಂಜಿನಿಂದ ಬಾಯಿಗೆ ನೇರವಾಗಿ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ವೈದ್ಯರೇ ಹೇಳಿದರೆ ಕೆನ್ನೆಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಹಾಕಿ, ನುಂಗಿದ ಮೇಲೆ ಮುಂದಿನದು. ಲಸಿಕೆಯಾಗದ ಮರಿಯಲ್ಲಿ ವಾಂತಿ ಭೇದಿ ಒಟ್ಟಿಗೆ ಕಂಡರೆ ಅದು ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ಕಾಯಿಲೆ ಆಗಿರಬಹುದು, ಒಂದೆರಡು ದಿನದಲ್ಲೇ ಮರಿ ಬತ್ತಿಹೋಗುತ್ತದೆ. ಅಲ್ಲಿ ಬಾಯಿಯ ನೀರು ಸಾಲದು, ಚರ್ಮದಡಿಗೋ ರಕ್ತನಾಳಕ್ಕೋ ದ್ರವ ಕೊಡಿಸಬೇಕು.

ಕರೆಂಟಿನ ಕಾರಂಜಿ ತೆಗೆದುಕೊಳ್ಳುವುದು ಒಳ್ಳೆಯದೇ?

ಹರಿಯುವ ನೀರು ಕೆಲವು ಬೆಕ್ಕುಗಳಿಗೆ ಇಷ್ಟ, ಕೆಲವಕ್ಕೆ ಮೋಟರಿನ ಸದ್ದೇ ಹೆದರಿಕೆ. ಗಾಳಿಮಳೆಗೆ ಮರ ಬಿದ್ದು ಎರಡೆರಡು ದಿನ ಕರೆಂಟು ಹೋಗುವ ಊರಿನಲ್ಲಿ ಪಕ್ಕಕ್ಕೊಂದು ಸಾದಾ ಬಟ್ಟಲು ಇರಲೇಬೇಕು.

ಮದುವೆಗೆಂದು ಎರಡು ದಿನ ಊರಿಗೆ ಹೋಗುವುದಿದೆ. ಬೆಕ್ಕನ್ನು ಬಿಟ್ಟು ಹೋಗಬಹುದೇ?

ನೀರು ತುಂಬಿಟ್ಟು ಬೀಗ ಹಾಕಿಕೊಂಡು ಹೋಗುವುದು ಸರಿಯಲ್ಲ. ಬಟ್ಟಲು ಮಗುಚಬಹುದು, ಇರುವೆ ಮುತ್ತಬಹುದು. ದಿನಕ್ಕೊಮ್ಮೆಯಾದರೂ ಪಕ್ಕದ ಮನೆಯವರಿಗೆ ಬರಲು ಹೇಳಿ. ಮಗುಚದಂಥ ಭಾರದ ಬಟ್ಟಲುಗಳನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟು, ಒಂದನ್ನು ನೀರು ತುಂಬಿದ ತಟ್ಟೆಯ ನಡುವೆ ಇರಿಸಿದರೆ ಇರುವೆಯ ಕಾಟವಿರುವುದಿಲ್ಲ. ಬಂದವರು ನೀರು ಬದಲಿಸಿದರೆ ಸಾಲದು, ಬಾಂಡ್ಲಿಯ ಮರಳಿನಲ್ಲಿ ಒದ್ದೆ ಉಂಡೆಗಳಿವೆಯೇ ಎಂದೂ ನೋಡಬೇಕು: ದಿನಕ್ಕೆ ಎರಡರಿಂದ ನಾಲ್ಕು ಇರುವುದು ಸಾಮಾನ್ಯ. ಒಂದೂ ಇಲ್ಲವೆಂದರೆ ನಿಮಗೆ ಆಗಲೇ ಫೋನ್ ಮಾಡುವಂತೆ ಹೇಳಿ, ವೈದ್ಯರ ನಂಬರನ್ನು ಬರೆದು ಬಾಗಿಲ ಹಿಂದೆ ಅಂಟಿಸಿ ಹೋಗಿ.